ಒಪ್ಪಿಗೆಯ ನೀರು

ಅಗ್ರೂಲೆಯ ಸಿಮಿಲೋಸನ ಕೈಯಲ್ಲಿ ಒಂದು ಬಲಿಪ್ರಾಣಿಯೂ "ಇಲ್ಲ" ಎಂದದ್ದಿಲ್ಲ. ಇದು ಅವನು ಹೇಳಿಕೊಂಡ ಮಾತಲ್ಲ, ಊರು ಹೇಳಿದ್ದು. ಅಥೆನ್ಸಿನ ಕೋಟೆಗೋಡೆಯ ಹೊರಗೆ, ಇಲಿಸ್ಸೋಸ್ ಹೊಳೆಯ ದಡಕ್ಕೆ ಅಂಟಿಕೊಂಡ ನಮ್ಮಂಥ ಊರಿನಲ್ಲಿ ಹೆಸರು ಮಾಡುವುದಕ್ಕೆ ಹೆಚ್ಚು ದಾರಿಗಳಿಲ್ಲ. ಒಬ್ಬ ಕುಸ್ತಿಯಲ್ಲಿ ಕಿವಿ ಜಜ್ಜಿಸಿಕೊಂಡು ಹೆಸರು ಮಾಡಿದ, ಇನ್ನೊಬ್ಬ ಸಭೆಯಲ್ಲಿ ಗಂಟಲು ಹರಿದುಕೊಂಡು ಮಾಡಿದ. ಸಿಮಿಲೋಸ್ ಹೆಸರು ಮಾಡಿದ್ದು ಒಂದು ಹೂಜಿ ತಣ್ಣೀರಿನಿಂದ.

ಹಬ್ಬಕ್ಕೆ, ಮದುವೆಗೆ, ಹರಕೆಗೆ ಬಲಿ ಕೊಡುವವನು ಅವನೇ, ಕಡಿದು ಪಾಲು ಹಾಕುವವನೂ ಅವನೇ, ಒಲೆ ಹೂಡಿ ಬೇಯಿಸುವವನೂ ಅವನೇ. ಕತ್ತಿ ಅಪ್ಪನದು, ಮಾಂಸ ಕಡಿಯುವ ಮರದ ಕೊರಡು ಅಪ್ಪನದು, ಹೊಟ್ಟೆಯ ಬೊಜ್ಜೂ ಅಪ್ಪನಿಂದಲೇ ಬಂದದ್ದು. ಆದರೆ ಅಪ್ಪ ಬಿಟ್ಟುಹೋದದ್ದರಲ್ಲಿ ಅವನು ಎಲ್ಲಕ್ಕಿಂತ ಜೋಪಾನವಾಗಿ ಇಟ್ಟುಕೊಂಡದ್ದು ಕೇಳುವ ಪದ್ಧತಿಯನ್ನು. ಪ್ರಾಣಿಯನ್ನು ಕೇಳದೆ ಕತ್ತಿ ಹೊರಗೆ ತೆಗೆಯುವ ಹಾಗಿಲ್ಲ. ಬಲಿಪೀಠದ ಮುಂದೆ ನಿಲ್ಲಿಸಿ, ಜವೆಗೋಧಿ ಎರಚಿ, ನೆತ್ತಿಯ ಮೇಲೆ ನೀರು ಬಿಟ್ಟು, ತಲೆ ಕೆಳಗೆ ಹೋಗುತ್ತದೆಯೇ ಎಂದು ನೋಡಬೇಕು. ನಮ್ಮಲ್ಲಿ ತಲೆ ಕೆಳಗೆ ಹೋದರೆ ಹೌದು, ಗದ್ದ ಮೇಲೆ ಹೋದರೆ ಇಲ್ಲ. ಊರ ಹಿರಿಯನಿಗೂ ಅದೇ, ಮೊಲೆ ಬಿಟ್ಟ ಕೂಸಿಗೂ ಅದೇ, ಎತ್ತಿಗೂ ಅದೇ.

ಬೇರೆಯವರು ಇದನ್ನು ಕಾಟಾಚಾರಕ್ಕೆ ಮಾಡಿ ಮುಗಿಸುತ್ತಿದ್ದರು. ಪಕ್ಕದ ಅಲೊಪೆಕೆ ಊರಿನ ಕಸಬುದಾರನೊಬ್ಬ ಕೊಡದಷ್ಟು ನೀರನ್ನು ಹೋರಿಯ ಮುಖಕ್ಕೇ ರಾಚಿ, ಅದು ಹಗ್ಗ ಕಿತ್ತುಕೊಂಡು ಮದುವೆ ಚಪ್ಪರಕ್ಕೆ ನುಗ್ಗಿ, ಹೆಣ್ಣಿನ ಅಜ್ಜಿಯನ್ನು ಅಂಜೂರದ ಮರ ಹತ್ತಿಸಿದ ಕಥೆಯನ್ನು ನಮ್ಮೂರವರು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ಹೇಳುತ್ತಾರೆ. ಸಿಮಿಲೋಸ್ ಹಾಗಲ್ಲ. ಊಟೆಯ ನೀರನ್ನು ಬೆಳಗ್ಗೆಯೇ ತಂದು ನೆರಳಲ್ಲಿಡುತ್ತಿದ್ದ. ಪ್ರಾಣಿಯ ಕಿವಿಯ ಹತ್ತಿರ ಬಗ್ಗಿ, "ಏನಪ್ಪಾ, ಒಪ್ಪಿಗೇನಾ?" ಎಂದು ಮೆಲ್ಲಗೆ ಕೇಳುತ್ತಿದ್ದ. ಆಮೇಲೆ ಎರಡು ಕೊಂಬಿನ ನಡುವೆ ಸಣ್ಣ ಧಾರೆ. ತಲೆ ಕೆಳಗೆ ಹೋಗುತ್ತಿತ್ತು. ಇದೆಲ್ಲ ಬೂಟಾಟಿಕೆ ಎಂದು ನಿಮಗನ್ನಿಸಿದರೆ ಅವನ ಪರಿಚಯ ನಿಮಗಾಗಿಲ್ಲ ಎಂದೇ ಅರ್ಥ. ಅವನು ನಿಜವಾಗಿಯೂ ಕೇಳುತ್ತಿದ್ದ, ನಿಜವಾಗಿಯೂ ನಂಬಿದ್ದ. ಹಾಗೆ ನಂಬಿದ್ದರಿಂದಲೇ ಅಷ್ಟು ರಕ್ತ ಕಂಡ ಮನುಷ್ಯ ಮಲಗಿದ ತಕ್ಷಣ ಗೊರಕೆ ಹೊಡೆಯುತ್ತಿದ್ದ.

ಆ ಚಳಿಗಾಲ ಅವನ ಒಬ್ಬಳೇ ಮಗಳು ಮೆಲಿತ್ತಳ ಮದುವೆ ಗೊತ್ತಾಯಿತು. ಗಂಡು ಅಲೊಪೆಕೆಯ ಹಗ್ನಿಯಾಸ್. ಸ್ವಂತ ಎಣ್ಣೆಗಾಣ, ಎತ್ತರದ ಆಳು, ಕುಡಿತವಿಲ್ಲ, ಜಗಳವಿಲ್ಲ. ಇಂಥ ಸಂಬಂಧ ಕೈತಪ್ಪಿದರೆ ಮತ್ತೆ ಸಿಕ್ಕುವುದಿಲ್ಲವೆಂದು ಸಿಮಿಲೋಸನ ಹೆಂಡತಿ ಫಿಲಿನ್ನ ದೇವರಿಗೆಲ್ಲ ಕೈಮುಗಿದಿದ್ದಳು. ಹೆಣ್ಣುಮಗಳನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಅಪ್ಪ ಮಾತು ಕೊಟ್ಟರೆ ಮುಗಿಯಿತು. ಆದರೂ ಸಿಮಿಲೋಸ್ ಕೇಳಿದ. ಕುರಿ ಮೇಕೆಯನ್ನೇ ಕೇಳುವವನು ಮಗಳನ್ನು ಕೇಳದೆ ಇರುತ್ತಾನೆಯೇ? ಮಗ್ಗದ ಮುಂದೆ ಕೂತವಳ ತಲೆಯ ಮೇಲೆ ಕೈಯಿಟ್ಟು, "ಏನವ್ವಾ, ಒಪ್ಪಿಗೇನಾ?" ಎಂದ. ಅವಳ ತಲೆ ಕೆಳಗೆ ಹೋಯಿತು. ನನ್ನ ಮಗಳನ್ನು ಕೇಳಿಯೇ ಕೊಡುತ್ತಿದ್ದೇನೆ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ಜನ ನಕ್ಕರು. ಅವನು ಎದೆಯುಬ್ಬಿಸಿಕೊಂಡೇ ಇದ್ದ.

ಹೊಳೆಯ ಆಚೆ, ಕುಸ್ತಿ ಮೈದಾನದ ತೋಪಿನಲ್ಲಿ ಒಂದು ಪಾಠಶಾಲೆ ಇತ್ತು. ಅಲ್ಲಿಯವರು ಕೂತು ಮಾತಾಡಿದ್ದನ್ನು ನಮ್ಮೂರವರು ಕಂಡಿಲ್ಲ. ಬೆಳಗಿನಿಂದ ಮರದ ಕೆಳಗೆ ಅತ್ತಿಂದಿತ್ತ ಇತ್ತಿಂದತ್ತ ನಡೆಯುತ್ತಲೇ ವಾದ ಮಾಡುತ್ತಿದ್ದರು. ದನ ಕಾಯುವವರು ಅವರನ್ನು ಕಂಡರೆ, "ಮೇಯಾಕ್ ಬಿಟ್ಟವ್ರೆ" ಎನ್ನುತ್ತಿದ್ದರು. ಆ ಪಾಠಶಾಲೆಯ ಓದುಗಾರ ಅರ್ಖಿಯಾಸ್ ಒಂದು ಬೆಳಗ್ಗೆ ಸಿಮಿಲೋಸನ ಅಂಗಳಕ್ಕೆ ಬಂದ. ಸಮುದ್ರದಾಚೆಯ ಲಾಂಪ್ಸಕೋಸಿನವನು. ಗ್ರಂಥದ ಸುರುಳಿಗಳ ಪ್ರತಿ ಮಾಡುವುದು, ಪಾಠದ ಹೊತ್ತಿಗೆ ಗಟ್ಟಿಯಾಗಿ ಓದಿ ಹೇಳುವುದು ಅವನ ಕೆಲಸ. ಬಡಕಲು ಮೈ, ಬೆರಳ ತುದಿಯಲ್ಲಿ ಸದಾ ಮಸಿ.

"ಯಜಮಾನ್ರೇ, ಮೇಕೇದು ಒಂದು ಮುಂಗಾಲು, ಒಂದು ಹಿಂಗಾಲು ಬೇಕಿತ್ತು. ಚರ್ಮ ಸುಲೀಬೇಡಿ. ಮಂಡಿ ಮಡಚೋ ಹಾಗಿರ್ಲಿ."

"ಸಾರಿಗಾ ಮೇಷ್ಟ್ರೇ?"

"ಬರೆಯೋಕೆ."

"ಕಾಲು ಬೇಯಿಸೋರನ್ನ ಕಂಡಿದೀನಿ, ಸುಡೋರನ್ನ ಕಂಡಿದೀನಿ. ಬರೆಯೋರನ್ನ ಇವತ್ತೇ ನೋಡಿದ್ದು."

ಅರ್ಖಿಯಾಸ್ ನಕ್ಕ. ಪ್ರಾಣಿಗಳು ಹೇಗೆ ಚಲಿಸುತ್ತವೆ ಎಂಬುದರ ಬಗ್ಗೆ ಪಾಠಶಾಲೆಯಲ್ಲಿ ಹೊಸದಾಗಿ ಒಂದು ಗ್ರಂಥ ಆಗುತ್ತಿದೆ, ಅದರ ಪ್ರತಿ ಮಾಡುವಾಗ ತನಗೆ ಮಂಡಿಯ ವಿಷಯ ಅರ್ಥವಾಗಲಿಲ್ಲ, ಕಣ್ಣಾರೆ ನೋಡಬೇಕು ಎಂದು ಹೇಳಿದ. ದಿನವಿಡೀ ನಡೆಯುವವರು ನಡಿಗೆಯ ಬಗ್ಗೆ ಬರೆಯದೆ ಇನ್ನೇನು ಬರೆದಾರು ಎಂದುಕೊಂಡು ಸಿಮಿಲೋಸ್ ಕಾಲು ಕಡಿದುಕೊಟ್ಟ. ಹೋಗುವ ಮುಂಚೆ ಅರ್ಖಿಯಾಸ್ ತಿರುಗಿ ನಿಂತು ಕೇಳಿದ.

"ಒಂದು ಮಾತು. ಮಲಗಿದ ದನ ಏಳುವಾಗ ಮೊದಲು ಮುಂಭಾಗ ಎತ್ತುತ್ತಾ, ಹಿಂಭಾಗಾನಾ?"

ಸಿಮಿಲೋಸ್ ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಹುಟ್ಟಿದಾಗಿನಿಂದ ದನದ ನಡುವೆ ಬೆಳೆದವನು. ಆ ಕ್ಷಣದಲ್ಲಿ ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ನೆರೆಯವನ ಕೊಟ್ಟಿಗೆಗೆ ಓಡಿದರು. ಎತ್ತು ಹಾಯಾಗಿ ಮೆಲುಕು ಹಾಕುತ್ತ ಮಲಗಿತ್ತು. ಸಿಮಿಲೋಸ್ ಅದರ ಪಕ್ಕೆಗೆ ತಟ್ಟಿದ, ಬೈದ, ಕಾಲು ಹಿಡಿದು ಬೇಡಿಕೊಂಡ. ಕೊನೆಗೆ ಅದು ಬೇಸರದಿಂದ ಎದ್ದಿತು. ಹಿಂಭಾಗ ಮೊದಲು.

"ಅಯ್ಯೋ ನನ್ನ ಕಣ್ಣೇ!" ಎಂದ ಸಿಮಿಲೋಸ್. "ದಿನಾ ನೋಡೋದನ್ನ ನೋಡೇ ಇರ್ಲಿಲ್ವಲ್ಲ ಮೇಷ್ಟ್ರೇ!"

ಅಂದಿನಿಂದ ಅವನಿಗೆ ಹುಚ್ಚು ಹತ್ತಿತು. ಕೋಳಿಯ ಹಿಂದೆ ಬಗ್ಗಿಕೊಂಡು ನಡೆಯುವನು, ಏಡಿಯನ್ನು ಬುಟ್ಟಿಯಿಂದ ಬಿಟ್ಟು ಅದು ಯಾವ ಕಡೆ ಹೊರಡುತ್ತದೆಂದು ನೆಲಕ್ಕೆ ಕೆನ್ನೆ ಹಚ್ಚಿ ನೋಡುವನು. ಫಿಲಿನ್ನ ಮೂಗು ಮುರಿದಳು. "ಮಗಳ ಮದ್ವೆ ಹತ್ರ ಬಂತು. ನಿಮ್ಮಪ್ಪ ಮೀನಿಗೆ ಮಂಡಿ ಎಲ್ಲಿದೆ ಅಂತ ಹುಡುಕ್ತಾ ಕೂತವ್ರೆ" ಎಂದು ಮೆಲಿತ್ತಳಿಗೆ ಹೇಳಿದಳು. ಅರ್ಖಿಯಾಸ್ ಕಾಲಿಗೋ ಕೀಲಿಗೋ ಬಂದಾಗಲೆಲ್ಲ ಸಿಮಿಲೋಸ್ ಅವನನ್ನು ಕೂರಿಸಿಕೊಳ್ಳುತ್ತಿದ್ದ. "ಓದಿ ಮೇಷ್ಟ್ರೇ. ಕೈಗೆ ಕೆಲಸ ಇದೆ, ಕಿವಿ ಖಾಲಿ ಕೂತಿದೆ." ಅವನು ಮಾಂಸ ಕಡಿಯುತ್ತಿದ್ದರೆ ಇವನು ಸುರುಳಿ ಬಿಚ್ಚಿ ಓದುವನು. ಒಳಗಿನ ಕೋಣೆಯಲ್ಲಿ ಮೆಲಿತ್ತಳ ಮಗ್ಗದ ಸದ್ದು ಆ ಹೊತ್ತಿನಲ್ಲಿ ನಿಂತುಹೋಗುತ್ತಿತ್ತು. ಅದನ್ನು ಅವಳ ತಾಯಿ ಮಾತ್ರ ಗಮನಿಸಿದ್ದಳು.

ಒಂದು ಚಲಿಸಬೇಕಾದರೆ ಇನ್ನೊಂದು ಅಲುಗದೆ ನಿಂತಿರಬೇಕು ಎಂದು ಸುರುಳಿ ಹೇಳುತ್ತಿತ್ತು. ಸಿಮಿಲೋಸ್ ತನ್ನ ಕೊರಡನ್ನು ತಟ್ಟಿ, ಇದು ಅಲುಗಿದರೆ ನನ್ನ ಕತ್ತಿ ಏನು ಕಡಿದೀತು ಎಂದು ಒಪ್ಪಿಕೊಂಡ. ಪ್ರಾಣಿ ಸುಮ್ಮನೆ ಹೆಜ್ಜೆ ಎತ್ತುವುದಿಲ್ಲ, ಏನೋ ಒಂದು ಬೇಕು ಎನ್ನಿಸಬೇಕು, ಬೇಕು ಎನ್ನಿಸಬೇಕಾದರೆ ಅದರ ಚಿತ್ರ ಮನಸ್ಸಿಗೆ ಬರಬೇಕು ಎಂದು ಅರ್ಖಿಯಾಸ್ ಇನ್ನೊಂದು ದಿನ ಓದಿದ. ಹೌದು, ಹುಲ್ಲು ನೆನೆದ ಮೇಕೆಯೇ ಹಗ್ಗ ಜಗ್ಗುವುದು ಎಂದ ಸಿಮಿಲೋಸ್. ಮುಂದಿನ ಭಾಗದಲ್ಲಿ, ಮೈ ತಾನಾಗಿಯೇ ಮಾಡುವ ಕೆಲವು ಚಲನೆಗಳಿವೆ, ಅವಕ್ಕೆ ಬೇಕು ಬೇಡ ಎಂಬುದಿಲ್ಲ ಎಂದು ಬಂತು.

"ಅಂದ್ರೆ?" ಎಂದ ಸಿಮಿಲೋಸ್.

"ಧೂಳು ಬಂದ್ರೆ ಕಣ್ಣು ಮುಚ್ಕೊಳ್ಳುತ್ತಲ್ಲ, ನೀವೇನು ಮುಚ್ಚು ಅಂತೀರಾ? ಚಳಿಗೆ ಮೈ ನಡುಗೋದಕ್ಕೆ ಯಾರ ಅಪ್ಪಣೆ ಬೇಕು? ಹಾಗೇ."

ಸಿಮಿಲೋಸನ ಕತ್ತಿ ಮೇಲೆ ಹೋದದ್ದು ಕೆಳಗೆ ಬರಲಿಲ್ಲ.

"ಮತ್ತೆ ನೆತ್ತಿ ಮೇಲೆ ತಣ್ಣೀರು ಬಿದ್ರೆ?"

"ಅದೂ ನಡುಕದ ಜಾತಿನೇ. ತಲೆ ತಾನಾಗೇ ಕೆಳಗೆ ಹೋಗುತ್ತೆ" ಎಂದ ಅರ್ಖಿಯಾಸ್ ಸುರುಳಿಯಿಂದ ಕಣ್ಣೆತ್ತದೆ. ಪಾಪ, ಅವನಿಗೆ ತಾನು ಏನು ಹೇಳಿದೆ ಎಂಬುದು ಗೊತ್ತಾಗಲಿಲ್ಲ. ಮೇಕೆಯ ಕಾಲನ್ನು ಕಂಕುಳಲ್ಲಿಟ್ಟುಕೊಂಡು, ಹೊಳೆ ದಾಟುವಾಗ ಅದೇನೋ ಯೋಚಿಸುತ್ತ ಮಂಡಿಯುದ್ದ ನೀರಿಗಿಳಿದು, ತನ್ನಷ್ಟಕ್ಕೆ ಬೈದುಕೊಂಡು ಹೋದ.

ಸಿಮಿಲೋಸನಿಗೆ ಊಟ ಸೇರಲಿಲ್ಲ. ಜವೆಯ ರೊಟ್ಟಿ, ಆಲಿವ್ ಕಾಯಿ ತಟ್ಟೆಯಲ್ಲೇ ಉಳಿದವು. ಕೊನೆಗೆ ಅವನು ಎದ್ದು, ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತು ಹೆಂಡತಿಯನ್ನು ಕರೆದ.

"ಲೇ, ಆ ತಣ್ಣೀರಿನ ಹೂಜಿ ತಗೊಂಡ್ ಬಾ. ನನ್ನ ನೆತ್ತಿ ಮೇಲೆ ಸಣ್ಣಗೆ ಬಿಡು. ನಾನು ಅಲ್ಲಾಡಲ್ಲ."

"ಈ ಚಳೀಲಾ? ತಲೆ ಕೆಟ್ಟಿದ್ಯೇನ್ರೀ?"

"ಬಿಡು ಅಂದ್ರೆ ಬಿಡು."

ಫಿಲಿನ್ನ ಬಿಟ್ಟಳು. ಅವನು ಹಲ್ಲು ಕಚ್ಚಿಕೊಂಡಿದ್ದ, ಮುಷ್ಟಿ ಬಿಗಿ ಹಿಡಿದಿದ್ದ. ಆದರೂ ತಲೆ ಫಕ್ಕನೆ ಕೆಳಗೆ ಹೋಯಿತು.

"ಒಪ್ಪಿದ್ರಾ?" ಎಂದಳು ಫಿಲಿನ್ನ. "ನಾನು ಮನಸ್ಸಲ್ಲೇ ಒಂದು ಮಾತು ಕೇಳಿದ್ದೆ. ಕೋಣೆಗೆ ಸುಣ್ಣ ಬಳಿದು ಕೊಡ್ತೀರಾ ಅಂತ."

"ಇನ್ನೊಂದ್ಸಲ ಬಿಡು."

"ನಮ್ಮಮ್ಮನ್ನ ಇಲ್ಲೇ ಇಟ್ಕೊಳ್ಳೋಣ್ವಾ?" ಎಂದು ಅವಳು ಈ ಸಲ ಗಟ್ಟಿಯಾಗಿಯೇ ಕೇಳಿ ನೀರು ಬಿಟ್ಟಳು. ಅವನ ತಲೆ ಮತ್ತೆ ಕೆಳಗೆ ಹೋಯಿತು. ಅತ್ತೆಗೆ ಹೌದು ಎಂದ ತಲೆಯನ್ನು ಇನ್ನು ನಂಬುವುದು ಹೇಗೆ? ಫಿಲಿನ್ನ ನಕ್ಕೂ ನಕ್ಕೂ ಹೂಜಿಯನ್ನು ಕೆಳಗಿಟ್ಟಳು. ಆಮೇಲೆ ಒಲೆಯ ಮೇಲಿದ್ದ ನೀರನ್ನು ಸ್ವಲ್ಪ ಬೆರೆಸಿ, ಮೈಶಾಖಕ್ಕೆ ಸರಿಯಾಗಿ ಹದ ಮಾಡಿ ಬಿಡಲು ಅವನೇ ಹೇಳಿದ. ಆಗ ಅವನ ತಲೆ ಅಲುಗಲಿಲ್ಲ. ಕಣ್ಣು ಅರೆಮುಚ್ಚಿದವು, ಅಷ್ಟೆ. ಕಟ್ಟಿಹಾಕಿದ್ದ ಹೋತನ ಮೇಲೂ ಪರೀಕ್ಷೆ ಆಯಿತು. ತಣ್ಣೀರಿಗೆ ಒಪ್ಪಿದ ಹೋತ ಬಿಸಿನೀರಿಗೆ ಸುಮ್ಮನೆ ನಿಂತು ಸುಖಪಟ್ಟಿತು.

ಮೆಲಿತ್ತ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ಕಂಡು ಬಹಳ ದಿನವಾಗಿತ್ತು. ಸಿಮಿಲೋಸ್ ತಲೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಹತ್ತಿರ ಹೋಗಿ, "ನಿಮ್ಮಪ್ಪ ಹುಚ್ಚ ಆದ ಅಂದ್ಕೊಂಡ್ಯಾ ಕೂಸೇ?" ಎಂದು ಅವಳ ತಲೆಯ ಮೇಲೆ ಕೈಯಿಟ್ಟ. ಎತ್ತಿನ ತೊಡೆ ಎತ್ತುವ ಕೈ ಅದು. ಅವಳ ತಲೆ ಕೆಳಗೆ ಹೋಯಿತು.

ಅವನು ಕೈ ತೆಗೆದ. ತಲೆ ಮೇಲೆ ಬಂತು. ಮತ್ತೆ ಇಟ್ಟ. ಕೆಳಗೆ ಹೋಯಿತು.

ಕೊಂದ ಪ್ರಾಣಿಗಳ ಲೆಕ್ಕ ದೇವರಿಗೆ ಬಿಟ್ಟದ್ದು. ಸತ್ತವುಗಳನ್ನು ಈಗ ಕೇಳಲಾಗುವುದಿಲ್ಲ. ಆದರೆ ಇವಳು ಕಣ್ಣ ಮುಂದೆ ಜೀವಂತ ನಿಂತಿದ್ದಾಳೆ. ಇವಳು ಯಾವತ್ತೂ ಹೌದು ಎಂದಿರಲಿಲ್ಲ. ಹೌದು ಎಂದದ್ದು ಅವನದೇ ಕೈ. ಮದುವೆಯ ಮುಂಚಿನ ಬಲಿಗೆ, ಅಂದರೆ ಅದೇ ಹೋತನನ್ನು ಕನ್ಯೆಯರನ್ನು ಕಾಯುವ ಆರ್ತೆಮಿಸ್ ದೇವಿಗೆ ಒಪ್ಪಿಸಿ ಹುಡುಗಿಯನ್ನು ಬಿಟ್ಟುಕೊಡು ಎಂದು ಬೇಡಿಕೊಳ್ಳುವ ದಿನಕ್ಕೆ, ಇನ್ನು ಒಂದು ವಾರವೂ ಇರಲಿಲ್ಲ.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ನಿಂತ.

"ಅವ್ವಾ ಮೆಲಿತ್ತ. ಹಗ್ನಿಯಾಸನ್ನ ಮಾಡ್ಕೊಳ್ಳೋಕೆ ನಿಂಗೆ ಒಪ್ಪಿಗೇನಾ?"

ಅವಳು ಅಲುಗಲಿಲ್ಲ. ತಲೆ ಕೆಳಗೂ ಹೋಗಲಿಲ್ಲ, ಮೇಲೂ ಹೋಗಲಿಲ್ಲ. ಫಿಲಿನ್ನಳ ನಗು ಅಲ್ಲಿಗೇ ನಿಂತಿತು.

"ನಂಗೊತ್ತಿಲ್ಲ ಅಪ್ಪಾ" ಎಂದಳು ಮೆಲಿತ್ತ. "ಆ ಮೇಷ್ಟ್ರು ಓದ್ತಿದ್ರಲ್ಲ, ಚಿತ್ರ ಬಂದ್ರೇನೇ ಬೇಕು ಅನ್ಸೋದು ಅಂತ. ನಂಗೆ ಚಿತ್ರನೇ ಇಲ್ಲ. ಅವ್ರನ್ನ ನಾನು ನೋಡೇ ಇಲ್ವಲ್ಲ. ಬೇಕು ಅನ್ನೋಕೂ ಏನೂ ಇಲ್ಲ, ಬೇಡ ಅನ್ನೋಕೂ ಏನೂ ಇಲ್ಲ."

"ಮುಗೀತು!" ಎಂದು ಫಿಲಿನ್ನ ಹಣೆ ಚಚ್ಚಿಕೊಂಡಳು. "ಸಾರಿಗೆ ಹಾಕೋ ಕಾಲು ಕೊಟ್ಟು ಮನೇಗೆ ಏನು ತಂದ್ಕೊಂಡ್ರಿ ನೋಡಿ!"

ಆ ಮಧ್ಯಾಹ್ನ ಗಂಡಹೆಂಡಿರ ನಡುವೆ ನಡೆದ ಮಾತನ್ನು ನೆರೆಹೊರೆಯವರು ಗೋಡೆಗೆ ಕಿವಿಯಾನಿಸದೆಯೇ ಕೇಳಿಸಿಕೊಳ್ಳಬಹುದಿತ್ತು. ಮಾತು ಕೊಟ್ಟಾಗಿದೆ, ಈಗ ಹಿಂದೆಗೆದರೆ ಅಲೊಪೆಕೆಯವರು ಊರಲ್ಲಿ ತಲೆಯೆತ್ತಿ ತಿರುಗಲು ಬಿಡುವುದಿಲ್ಲ, ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಎಂದು ಅವಳು. ನಾನು ಕೇಳಿ ಕೊಡುತ್ತೇನೆ ಎಂದು ಊರಿಗೆಲ್ಲ ಹೇಳಿದ್ದೇನೆ, ಕೇಳಿಲ್ಲವಲ್ಲ ಎಂದು ಅವನು. ಹಗ್ನಿಯಾಸ್ ಒಳ್ಳೆಯವನೆಂದು ಅವನಿಗೂ ಗೊತ್ತಿತ್ತು. ಅವಳು ಹೌದು ಎನ್ನಲಿ ಎಂದೇ ಅವನ ಆಸೆ. ಆದರೆ ಆ ಹೌದು ಅವಳದೇ ಆಗಿರಬೇಕಿತ್ತು.

"ಬಲಿ ದಿವಸ ಗಂಡಿನ ಕಡೆಯೋರು ಬರ್ತಾರಲ್ಲ" ಎಂದ ಕೊನೆಗೆ. "ಅವಳು ಮುಸುಕಿನ ಸಂದೀಲಿ ನೋಡ್ಲಿ. ನೋಡಿ ನನಗೆ ಹೇಳ್ಲಿ."

"ಜನರ ಮುಂದೆ? ಇಲ್ಲ ಅಂದ್ರೆ? ಗಂಡಿನ ಮುಖಕ್ಕೆ ಉಗಿದ ಹಾಗಾಗಲ್ವಾ?"

ಸಿಮಿಲೋಸ್ ಒದ್ದೆ ಹೂಜಿಯ ಕಡೆ ನೋಡಿದ.

"ಅವಳು ಇಲ್ಲ ಅನ್ಬೇಕಾಗಿಲ್ಲ" ಎಂದ. "ಹೋತ ಅನ್ನುತ್ತೆ."

ಬಲಿಯ ಪ್ರಾಣಿ ಒಪ್ಪದಿದ್ದರೆ ದೇವಿ ಹುಡುಗಿಯನ್ನು ಬಿಟ್ಟುಕೊಡಲಿಲ್ಲ ಎಂದೇ ಲೆಕ್ಕ. ಮದುವೆ ನಿಲ್ಲುತ್ತದೆ, ಯಾರ ಮಾನವೂ ಹೋಗುವುದಿಲ್ಲ. ಹೋದರೆ ಒಬ್ಬನದು ಹೋಗುತ್ತದೆ: ಯಾರ ಕೈಯಲ್ಲಿ ಒಂದು ಪ್ರಾಣಿಯೂ ಇಲ್ಲ ಎಂದಿರಲಿಲ್ಲವೋ ಅವನದು. ಫಿಲಿನ್ನಳಿಗೆ ಅದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳು ದನಿ ತಗ್ಗಿಸಿದಳು.

"ನಿಮ್ಮ ಹೆಸರು ಮಣ್ಣಾಗುತ್ತಲ್ರೀ."

"ಅದು ತಣ್ಣೀರಿನ ಹೆಸರು ಕಣೇ. ನನ್ನದಲ್ಲ." ಆಮೇಲೆ, "ದೇವಿಗೆ ಮೋಸ ಮಾಡ್ದಂಗಾಗುತ್ತಾ?" ಎಂದ.

"ಇಷ್ಟು ವರ್ಷ ಮಾಡಿದ್ದೇನು ಮತ್ತೆ?" ಎಂದಳು ಫಿಲಿನ್ನ.

ಬಲಿಯ ದಿನ ಬೆಳಗ್ಗೆ ಹೊಳೆಯ ದಡದ ಆರ್ತೆಮಿಸ್ ಗುಡಿಯ ಮುಂದೆ ಎರಡೂ ಕಡೆಯವರು ಸೇರಿದರು. ಮೆಲಿತ್ತ ತನ್ನ ಗೊಂಬೆ, ಬುಗುರಿ, ಕತ್ತರಿಸಿದ ಒಂದು ಹಿಡಿ ಕೂದಲನ್ನು ದೇವಿಯ ಪಾದದಲ್ಲಿಟ್ಟು, ಮುಸುಕು ಹೊದ್ದು ಬಲಿಪೀಠದ ಪಕ್ಕ ನಿಂತಳು. ಸಿಮಿಲೋಸನ ಬಲಗಡೆ ತಣ್ಣೀರಿನ ಹೂಜಿ, ಎಡಗಡೆ ಕಂಬಳಿ ಸುತ್ತಿದ ಇನ್ನೊಂದು. ಆ ಇನ್ನೊಂದರ ಬೆಚ್ಚಗಿನ ನೀರಿನ ಹದವನ್ನು, ಮೆಲಿತ್ತ ಎಳೆಗೂಸಾಗಿದ್ದಾಗ ನೋಡುತ್ತಿದ್ದ ಹಾಗೆಯೇ, ಫಿಲಿನ್ನ ಮೊಣಕೈ ಅದ್ದಿ ನೋಡಿದ್ದಳು. ಮನೆಯಲ್ಲಿ ಅಷ್ಟು ಕೂಗಾಡಿದವಳ ಕಣ್ಣು ಇಲ್ಲಿ ಮಗಳನ್ನು ಬಿಟ್ಟು ಕದಲಲಿಲ್ಲ.

ಹಗ್ನಿಯಾಸ್ ಗುಂಪಿನ ಮುಂದಿದ್ದ. ತೊಳೆದ ಬಿಳಿ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ಗಡ್ಡ. ಅವನು ತಾಯಿಗೆ ನೆರಳಲ್ಲಿ ಜಾಗ ಮಾಡಿಕೊಟ್ಟ, ಯಾರದೋ ಮಾತಿಗೆ ಹಿತವಾಗಿ ನಕ್ಕ, ಹೋತನ ಬೆನ್ನು ಸವರಿದ. ತಪ್ಪು ಹುಡುಕಬೇಕೆಂದರೂ ಸಿಕ್ಕದಂಥ ಗಂಡು. ಸಿಮಿಲೋಸನ ಮನಸ್ಸು ಹಗುರಾಯಿತು. ಬಲಗಡೆಯ ಹೂಜಿಗೆ ಕೈ ಹಾಕುವುದೊಂದು ಬಾಕಿ, ಮಧ್ಯಾಹ್ನ ಊಟ, ಆಮೇಲೆ ಮದುವೆ ಎಂದುಕೊಂಡ.

ಜವೆಗೋಧಿ ಎರಚಿದ್ದಾಯಿತು. ಸಿಮಿಲೋಸ್ ಹೋತನ ಕಿವಿಯ ಹತ್ತಿರ ಬಗ್ಗಿದ. ಬಗ್ಗಿದವನು ಕಣ್ಣನ್ನು ಮಗಳ ಕಡೆ ಇಟ್ಟು, "ಒಪ್ಪಿಗೇನಾ?" ಎಂದ. ಮುಸುಕಿನ ಸಂದಿಯಲ್ಲಿ ಅವಳ ಕಣ್ಣು ಹಗ್ನಿಯಾಸನ ಮೇಲಿತ್ತು. ಬಹಳ ಹೊತ್ತು ಇತ್ತು. ಯಾರೋ ಕೆಮ್ಮಿದರು. ಗಂಡಿನ ತಾಯಿ, "ಹೊತ್ತಾಗ್ತದಪ್ಪಾ" ಎಂದಳು. ಸಿಮಿಲೋಸನ ಸೊಂಟ ನೋಯತೊಡಗಿತು. ಅವನು ಕಾದ.

ಮೆಲಿತ್ತಳ ಗದ್ದ ಮೇಲೆ ಹೋಯಿತು. ಬೆರಳಗಲದಷ್ಟು.

ಅವನು ಎಡಗಡೆಯ ಹೂಜಿಯನ್ನೆತ್ತಿ ಕೊಂಬಿನ ನಡುವೆ ಸಣ್ಣ ಧಾರೆ ಬಿಟ್ಟ. ಹೋತ ಅಲುಗಲಿಲ್ಲ. ಮತ್ತೆ ಬಿಟ್ಟ. ಅದು ಕಣ್ಣು ಅರೆಮುಚ್ಚಿ, ಇನ್ನೂ ಬೇಕು ಎನ್ನುವಂತೆ ನೆಟ್ಟಗೆ ನಿಂತಿತು. ಹೂಜಿ ಬರಿದಾಗುವವರೆಗೂ ಬಿಟ್ಟ. ಗುಂಪಿನಲ್ಲಿ ಗುಜುಗುಜು ಎದ್ದಿತು. ಸಿಮಿಲೋಸನ ಕೈಯಲ್ಲಿ! ಸಿಮಿಲೋಸನ ಕೈಯಲ್ಲೇ! ಅವನು ನೆಟ್ಟಗೆ ನಿಂತ. ಮುಖ ಬೆಂದ ಏಡಿಯಂತೆ ಕೆಂಪಾಗಿತ್ತು, ನಾಚಿಕೆ ನಿಜವಾದದ್ದೇ ಆಗಿತ್ತು.

"ಒಪ್ಪಿಗೆ ಇಲ್ಲ" ಎಂದ.

ಗಂಡಿನ ತಾಯಿ ಎದೆಯ ಮೇಲೆ ಉಗುಳಿಕೊಂಡು ದೃಷ್ಟಿ ತೆಗೆದಳು. ಹಗ್ನಿಯಾಸ್ ಬಂದು ಸಿಮಿಲೋಸನ ಭುಜ ಹಿಡಿದು, "ನಿಮ್ದೇನು ತಪ್ಪಿದೆ ಮಾವಾ. ದೇವಿ ಮನಸ್ಸು" ಎಂದ. ಅಷ್ಟು ಒಳ್ಳೆಯವನು. ಅದನ್ನು ಕೇಳಿ ಸಿಮಿಲೋಸನಿಗೆ ಅಳು ಬಂತು. ಅವನು ಹೋತನ ಹಗ್ಗ ಬಿಚ್ಚಿಕೊಂಡು ಮನೆಯ ದಾರಿ ಹಿಡಿದ.

ಆಮೇಲೆ ಅವನ ಹೆಸರು ನೀರಲ್ಲಿ ಬಿದ್ದ ಉಪ್ಪಿನಂತೆ ಕರಗಿತು. ಸಿಮಿಲೋಸನ ಕೈ ಸತ್ತಿದೆ ಎಂದು ಜನ ಹೇಳಿದರು. ದೊಡ್ಡ ಹಬ್ಬಗಳಿಗೆ ಅಲೊಪೆಕೆಯ ಆ ನೀರು ರಾಚುವವನನ್ನೇ ಕರೆದರು, ಯಾರ ಯಾರ ಅಜ್ಜಿಯರು ಮರ ಹತ್ತಿದರೋ ಗೊತ್ತಿಲ್ಲ. ಸಿಮಿಲೋಸ್ ಚಿಕ್ಕಪುಟ್ಟ ಮನೆಗಳ ಹಂದಿಮರಿ ಕೊಯ್ದುಕೊಂಡು ಬದುಕಿದ. ಕೇಳುವುದನ್ನು ಬಿಡಲಿಲ್ಲ. ಆದರೆ ಕೇಳಿದ ಮೇಲೆ ಒಂದು ಕ್ಷಣ ಪ್ರಾಣಿಯ ಮುಖವನ್ನು ನೋಡುತ್ತ, "ನೀನು ಹೇಳಿಲ್ಲ, ನನಗೆ ಗೊತ್ತು" ಎಂದು ಮೆಲ್ಲಗೆ ಸೇರಿಸುತ್ತಿದ್ದನಂತೆ. ಗೊರಕೆ ಮಾತ್ರ ಕಡಿಮೆಯಾಯಿತು ಎಂದು ಫಿಲಿನ್ನ ಹೇಳುತ್ತಿದ್ದಳು. ಅರ್ಖಿಯಾಸ್ ಬರುವುದನ್ನು ನಿಲ್ಲಿಸಲಿಲ್ಲ, ಸುರುಳಿಯೂ ಮುಂದುವರಿಯಿತು. ಹಗ್ನಿಯಾಸನಿಗೆ ಬೇರೆ ಕಡೆ ಮದುವೆಯಾಯಿತು, ಸುಖವಾಗಿದ್ದ.

ಇದೆಲ್ಲ ಮುಂದಿನ ಮಾತು. ಆ ದಿನ, ಗುಡಿಯಿಂದ ಬಂದ ಮೇಲೆ, ಫಿಲಿನ್ನ ಅಡುಗೆಮನೆ ಸೇರಿದಳು. ಮೆಲಿತ್ತ ಅಂಗಳದಲ್ಲಿ ಹೋತನ ಮುಂದೆ ಸೊಪ್ಪು ಹಾಕುತ್ತ ಕೂತಿದ್ದಳು. ಸಿಮಿಲೋಸ್ ಅವಳ ಪಕ್ಕ ಹೋಗಿ ಕೊರಡಿನ ಮೇಲೆ ಕೂತ. ಅವನಿಗೆ ಸಿಟ್ಟಿರಲಿಲ್ಲ. ದುಃಖವಿತ್ತು, ಅದಕ್ಕಿಂತ ಹೆಚ್ಚಾಗಿ ಕುತೂಹಲವಿತ್ತು.

"ಅವ್ವಾ, ಒಂದು ಕೇಳ್ತೀನಿ. ಬೈಯೋಕಲ್ಲ. ಏನು ಕಂಡೆ ಅವನಲ್ಲಿ? ಯಾಕೆ ಬೇಡ ಅನ್ಸ್ತು?"

ಮೆಲಿತ್ತ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹುಬ್ಬು ಗಂಟಿಕ್ಕಿಕೊಂಡು.

"ಏನೂ ಇಲ್ಲ ಅಪ್ಪಾ. ಒಳ್ಳೆಯೋರೇ. ನೋಡೋಕೂ ಚೆನ್ನಾಗವ್ರೆ. ನಾನು ಹೌದು ಅನ್ನೋಣ ಅಂತಾನೇ ಇದ್ದೆ." ಅವಳು ಇನ್ನೊಂದು ಹಿಡಿ ಸೊಪ್ಪನ್ನು ಹೋತನ ಮುಂದೆ ಹಾಕಿದಳು. "ಯಾಕೋ ಗೊತ್ತಿಲ್ಲ. ಕತ್ತು ತಾನಾಗೇ ಮೇಲೆ ಹೋಗ್ಬಿಡ್ತು."

ಸಿಮಿಲೋಸ್ ಮಗಳ ಮುಖ ನೋಡಿದ. ಬೇಕು ಬೇಡದ ಚಲನೆ ಒಂದು ಕಡೆ, ಮೈ ತಾನಾಗಿ ಮಾಡುವ ಚಲನೆ ಒಂದು ಕಡೆ ಎಂದು ಸುರುಳಿ ಎಷ್ಟು ನೀಟಾಗಿ ಪಾಲು ಹಾಕಿತ್ತು. ಇದು ಯಾವ ಪಾಲಿಗೆ? ಇದಕ್ಕಾಗಿ ಅವನು ತನ್ನ ಹೆಸರನ್ನು ಹೊಳೆಗೆ ಚೆಲ್ಲಿ ಬಂದಿದ್ದ. ಅರ್ಖಿಯಾಸನನ್ನು ಕೇಳಬೇಕು ಎಂದುಕೊಂಡ. ಆಮೇಲೆ ಬೇಡವೆಂದುಕೊಂಡ.

"ಯಾರಾದ್ರೂ ನೀರು ಬಿಟ್ರಾ ನಿನ್ನ ಮೇಲೆ?"

"ಇಲ್ಲ."

"ಯಾರಾದ್ರೂ ತಲೆ ಮೇಲೆ ಕೈ ಇಟ್ರಾ?"

"ಇಲ್ಲ ಅಪ್ಪಾ. ಯಾರೂ ಮುಟ್ಲಿಲ್ಲ."

"ಹಂ" ಎಂದ ಸಿಮಿಲೋಸ್. "ಹಾಗಾದ್ರೆ ಅದು ನಿಂದೇ ಕಣವ್ವಾ."